ಬಿಡುವಿನಲ್ಲಿ ಯಾರ ಜೊತೆ ಇದ್ದೆ?

ಅಕ್ಕ, ಟೈಪ್ ಮಾಡುವಷ್ಟು ತಾಳ್ಮೆ ನನಗಿಲ್ಲ, ವಾಯ್ಸ್ ಮೆಸೇಜಿನಲ್ಲೇ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿಸಿಕೋ.

ಶಾಲೆ ಬದಲಾಯಿಸಿದ ಮೇಲೆ ಮಗನ ಅಂಕ ಇಳಿದಿದೆ, ಬೆಳಿಗ್ಗೆ ಆದರೆ ಹೊಟ್ಟೆನೋವು ಅನ್ನುತ್ತಾನೆ, ಗಣಿತಕ್ಕೆ ಟ್ಯೂಷನ್ ಹಾಕಲಾ ಅಂತ ನಿನ್ನೆ ಮನೆಯವರ ಗ್ರೂಪಿನಲ್ಲಿ ಕೇಳಿದ್ದೆಯಲ್ಲ. ಹೊಟ್ಟೆನೋವನ್ನು ಡಾಕ್ಟರಿಗೆ ತೋರಿಸು. ಜೊತೆಗೆ, ರಜೆಯ ದಿನವೂ ಬರುತ್ತದಾ ನೋಡಿಕೋ. ಟ್ಯೂಷನ್ ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಒಂದು ವಾರ "ಇವತ್ತು ಏನು ಪಾಠ ಮಾಡಿದರು" ಅಂತ ಕೇಳುವುದು ಬಿಟ್ಟು, "ಬಿಡುವಿನಲ್ಲಿ ಯಾರ ಜೊತೆ ಇದ್ದೆ?" ಅಂತ ಕೇಳು.

ನಾನು ಏಳನೇ ತರಗತಿಯಲ್ಲಿ ಶಾಲೆ ಬದಲಾಯಿಸಿದೆ, ನೆನಪಿದೆಯಾ? ನೀನು ಆಗ ಕಾಲೇಜಿಗೆ ಹೋಗುತ್ತಿದ್ದೆ. ನನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ನಾನು ಹೋಗಿ ಕೂತರೆ ಬೆಂಚಿನಲ್ಲಿದ್ದವರು ಸುಮ್ನೆ ಎದ್ದು ಹೋಗುತ್ತಿದ್ದರು, ಅಷ್ಟೇ. ಬಿಡುವಿನಲ್ಲಿ ಲೈಬ್ರರಿಗೆ ಹೋಗಿ ಪುಸ್ತಕ ತೆರೆದುಕೊಂಡು ಕೂರುತ್ತಿದ್ದೆ. "ಎಷ್ಟು ಓದುವ ಹುಡುಗಿ" ಅಂತ ಟೀಚರ್‌ಗಳು ಹೊಗಳಿದ್ದೇ ಹೊಗಳಿದ್ದು. ನನಗೆ ಅತಿ ಕಡಿಮೆ ಅಂಕ ಬಂದದ್ದೂ ಅದೇ ವರ್ಷ!

ಯಾಕೆ ಅಂತ ಆಮೇಲೆ ಹೊಳೆಯಿತು. ಕ್ಲಾಸಿನಲ್ಲಿ ನಾವು ಕಲಿಯುವುದರಲ್ಲಿ ಎಷ್ಟೋ ಪಕ್ಕದವರಿಂದ. "ಯಾವ ಪುಟ?" "ಈ ಮೈನಸ್ ಎಲ್ಲಿಂದ ಬಂತು?" ಟೀಚರನ್ನು ಕೇಳಲು ನಾಚಿಕೆಯಾಗುವ ಇಂಥ ಸಣ್ಣ ಡೌಟುಗಳು ಪಿಸುಮಾತಿನಲ್ಲೇ ಬಗೆಹರಿಯುತ್ತವೆ. ಕೇಳಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಡೌಟು ಹಾಗೇ ಉಳಿಯುತ್ತದೆ. ಮುಂದಿನ ಪಾಠ ಬಂದು ಅದರ ಮೇಲೆ ಕೂರುತ್ತದೆ. ಇನ್ನೊಂದು, ಕೂಡುವಾಗ ದಶಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಆ ಜಾಗ ಬಹಳ ಚಿಕ್ಕದು. ಅದಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. "ಬೆಲ್ ಆದ ಮೇಲೆ ಎಲ್ಲಿ ಹೋಗಿ ನಿಲ್ಲಲಿ" ಅನ್ನುವ ಚಿಂತೆ ಅಲ್ಲಿ ಕೂತುಬಿಟ್ಟರೆ ದಶಕಕ್ಕೆ ಜಾಗ ಎಲ್ಲಿ?

ಮಾವ, ನೀವು ಗ್ರೂಪಿನಲ್ಲಿ "ನಮ್ಮನ್ನೂ ಶಾಲೆಯಲ್ಲಿ ಗೋಳು ಹುಯ್ದುಕೊಂಡರು, ನಾವೇನು ಸತ್ತೆವಾ" ಅಂತ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಇಬ್ಬರು ತಮ್ಮಂದಿರೂ ಅದೇ ಶಾಲೆಯಲ್ಲಿದ್ದರು ಅಂತ ನೀವೇ ಹೇಳಿದ್ದೀರಿ. ಅದೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಹೀಗೆ ದೂರ ಇಟ್ಟಾಗ ಆಗುವ ನೋವು ಬರೀ ಮನಸ್ಸಿನ ಅಳುಕು ಅನ್ನುವವರಿಗೆ ಒಂದು ಪ್ರಯೋಗ ಹೇಳುತ್ತೇನೆ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಅವರ ಜೊತೆಯವರು ಅಮೆರಿಕದಲ್ಲಿ ಮಾಡಿದ್ದು. ಮೆದುಳಿನ ಸ್ಕ್ಯಾನರಿನಲ್ಲಿ ಮಲಗಿದವರಿಗೆ ಒಂದು ಕಂಪ್ಯೂಟರ್ ಆಟ. ಮೂವರು ಚೆಂಡು ಎಸೆದಾಡಬೇಕು. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ತಮಾಷೆ ಅಂದರೆ ಆ ಇಬ್ಬರು ಮನುಷ್ಯರೇ ಅಲ್ಲ, ಪ್ರೋಗ್ರಾಮು. ಮಲಗಿದವರು ಮಾತ್ರ ಮನುಷ್ಯರೇ ಅಂದುಕೊಂಡಿದ್ದರು. ಮೈನೋವಿನ ಸಂಕಟದಲ್ಲಿ ಚುರುಕಾಗುವ ಮೆದುಳಿನ ಭಾಗವೇ ಇಲ್ಲೂ ಚುರುಕಾಯಿತು. ಎರಡು ನೋವೂ ಒಂದೇನಾ ಅನ್ನುವ ವಾದ ಇನ್ನೂ ನಡೆದಿದೆ, ಅದು ಬೇರೆ ಮಾತು. ಗೊತ್ತಿಲ್ಲದವರು ಒಂದು ಚೆಂಡು ಕೊಡದಿದ್ದರೇ ಹೀಗೆ. ನಿನ್ನ ಮಗನಿಗೂ ಹೀಗಾಗುತ್ತಿದ್ದರೆ ಅದು ದಿನಾ, ಅದೂ ಹೆಸರು ಗೊತ್ತಿರುವವರಿಂದ.

ನೀನು ಕ್ಲಾಸ್ ಟೀಚರ್ ಹತ್ತಿರ ಮಾತಾಡು. ಆದರೆ "ಯಾರು ಕಾಟ ಕೊಡುತ್ತಿದ್ದಾರೆ, ಹೆಸರು ಹೇಳಿ" ಅಂತ ಶುರು ಮಾಡಬೇಡ. ನೋಡುತ್ತಾ ನಿಂತ ಮಕ್ಕಳೇ ಇಲ್ಲಿ ಮುಖ್ಯ. ಕೆನಡಾದಲ್ಲಿ ಸಂಶೋಧಕರು ಶಾಲೆಯ ಆಟದ ಮೈದಾನಗಳಲ್ಲಿ ಕ್ಯಾಮೆರಾ, ಮೈಕ್ ಇಟ್ಟು ನೋಡಿ, 2001ರಲ್ಲಿ ಬರೆದರು. ಕಾಟ ಕೊಟ್ಟ ಪ್ರಸಂಗಗಳಲ್ಲಿ ಶೇ. 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅಡ್ಡ ಬಂದದ್ದು ಶೇ. 19ರಲ್ಲಿ ಮಾತ್ರ. ಆದರೆ ಹಾಗೆ ಅಡ್ಡ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತು! ಫಿನ್‌ಲ್ಯಾಂಡಿನಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಅನ್ನುವವರು ಇದನ್ನೇ ಹಿಡಿದು, ನೋಡುವ ಮಕ್ಕಳಿಗೇ ಕಲಿಸುವ ಕಿವಾ ಅನ್ನುವ ಕಾರ್ಯಕ್ರಮ ರೂಪಿಸಿದರು.

ಅದಕ್ಕೇ ಟೀಚರ್ ಹತ್ತಿರ ಒಂದೇ ಒಂದು ಕೇಳು: ಇವನ ಪಕ್ಕ ಒಳ್ಳೆಯ ಮನಸ್ಸಿನ ಒಂದು ಮಗುವನ್ನು ಕೂರಿಸಲಿ, ಇಬ್ಬರೂ ಸೇರಿಯೇ ಮಾಡಬೇಕಾದ ಒಂದು ಕೆಲಸ ಕೊಡಲಿ. ಕ್ಲಾಸೆಲ್ಲ ಸ್ನೇಹಿತರಾಗಬೇಕಿಲ್ಲ. ನನಗೆ ಎಂಟನೇ ತರಗತಿಯಲ್ಲಿ ಸಿಕ್ಕಿದ್ದು ಒಬ್ಬಳೇ. ಸೈನ್ಸ್ ಲ್ಯಾಬಿನಲ್ಲಿ ಜೋಡಿ ಮಾಡಿದರು, ಅಷ್ಟೇ. "ನೀನೇ ಹೋಗಿ ಎಲ್ಲರ ಜೊತೆ ಬೆರೆ" ಅಂತ ಅವನಿಗೆ ಮಾತ್ರ ಹೇಳಬೇಡ. ಹೋಗಿರುತ್ತಾನೆ. ಅವರು ಎದ್ದು ಹೋಗಿರುತ್ತಾರೆ.

ಆಮೇಲೆ, ಅವನು ಮನೆಯಲ್ಲಿದ್ದಾಗ ಇದನ್ನು ಸ್ಪೀಕರಿನಲ್ಲಿ ಹಾಕಬೇಡ. ಹಾಕಿಬಿಟ್ಟಿದ್ದರೆ, ಪುಟ್ಟಾ, ನಿನ್ನ ಚಿಕ್ಕಮ್ಮನಿಗೆ ಏಳನೇ ಕ್ಲಾಸಿನ ಗಣಿತದಲ್ಲಿ ಎಷ್ಟು ಬಂತು ಅಂತ ಅಮ್ಮನನ್ನು ಕೇಳಬೇಡ.