ಸಿಎಂಸಿ ದ್ರಾವಣ: ಗಂಟೂ ಹೋಗಲ್ಲ, ಸ್ನಿಗ್ಧತೆಯೂ ನಿಲ್ಲಲ್ಲ

ಪ್ರಶ್ನೆ: ಮರದ ತಿರುಳಿನ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ದ್ರವವನ್ನು ಮಂದಗೊಳಿಸುವ ಪುಡಿ), ನೀರಲ್ಲಿ 2%. ಕಲಸಿದರೆ ಗಂಟು ಕಟ್ಟುತ್ತೆ. ಸ್ನಿಗ್ಧತೆ (ದ್ರವದ ಮಂದತೆ) ಅಳೆಯುವ ವಿಸ್ಕೋಮೀಟರ್‌ನಲ್ಲಿ 10 ಆರ್‌ಪಿಎಂಗೆ ಒಂದು ಅಂಕಿ, 60ಕ್ಕೆ ಇನ್ನೊಂದು. ಯಾವುದನ್ನು ನಂಬೋದು? 1% ಉಪ್ಪೂ ಹಾಕಬೇಕು.

ಉತ್ತರ 1: ಪುಡಿಯ ಹೊರಪದರ ತಕ್ಷಣ ನೀರು ಕುಡಿದು ಜೆಲ್ ಆಗುತ್ತೆ, ಒಳಗೆ ಒಣಪುಡಿ ಸಿಕ್ಕಿಬೀಳುತ್ತೆ. ನೀರನ್ನು ಸುಳಿ ಬರುವಷ್ಟು ತಿರುಗಿಸಿ, ಸುಳಿಯ ಮೇಲಂಚಿಗೆ ಸ್ವಲ್ಪಸ್ವಲ್ಪವೇ ಉದುರಿಸಿ. ಗ್ಲಿಸರಿನ್ ನಡೆಯುತ್ತದಾದರೆ ಮೊದಲು ಅದರಲ್ಲಿ ಕಲಸಿಕೊಳ್ಳಿ.

ಉತ್ತರ 2: ಎರಡೂ ಅಂಕಿ ಸರಿಯೇ. ವೇಗ ಹೆಚ್ಚಿದಂತೆ ಹೆಣೆದುಕೊಂಡ ಸಿಎಂಸಿಯ ಉದ್ದನೆಯ ಅಣುಸರಪಳಿಗಳು ಹರಿವಿನ ದಿಕ್ಕಿಗೆ ವಾಲಿ ದ್ರಾವಣ ತೆಳುವಾಗುತ್ತೆ. ಸ್ಪಿಂಡಲ್ (ದ್ರವದಲ್ಲಿ ತಿರುಗುವ ಕಡ್ಡಿ), ವೇಗ, ಉಷ್ಣತೆ ಬರೆಯದ ಅಂಕಿಗೆ ಬೆಲೆಯಿಲ್ಲ. ಉಪ್ಪು ಕೊನೆಗೆ ಹಾಕಿ. ಮೊದಲೇ ಇದ್ದರೆ ಅದರ ಸೋಡಿಯಂ ಅಯಾನುಗಳು ಸರಪಳಿಯ ಮೇಲಿರುವ ಋಣಾವೇಶದ ಕಾರ್ಬಾಕ್ಸಿಲೇಟ್‌ಗಳ ವಿಕರ್ಷಣೆ ತಗ್ಗಿಸುತ್ತವೆ, ಸರಪಳಿ ಪೂರ್ತಿ ಬಿಚ್ಚಿಕೊಳ್ಳಲ್ಲ.

ಉತ್ತರ 3: ಇಟ್ಟಲ್ಲೇ ದಿನೇದಿನೇ ತೆಳುವಾದರೆ ಸೂಕ್ಷ್ಮಜೀವಿಗಳ ಸೆಲ್ಯುಲೇಸ್ (ಸೆಲ್ಯುಲೋಸ್ ಸರಪಳಿ ಕತ್ತರಿಸುವ ಕಿಣ್ವ) ಮೇಲೆ ಅನುಮಾನಪಡಿ. ಸಂರಕ್ಷಕ ಹಾಕಿದ್ದೀರಾ?