ಬೇಸಿಗೆ ಬಂದರೆ ಕಾಲೊನಿ ತೋಟಕ್ಕೆ ಬೀಗ ಹಾಕಬೇಕಾ? ನಮ್ಮ ಕಡೆಯವರು ಹೇಳಿ

ಹೊಸ ಪಾತಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೊನಿಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ಜಾಲಿ ಬೆಳೆದು ಕಸ ಒಗೆಯುವ ಜಾಗ ಆಗಿತ್ತು. ಹೋದ ವರ್ಷ ಅನುಮತಿ ತಗೊಂಡು 14 ಮನೆಯವರು ಸೇರಿ ಸ್ವಚ್ಛ ಮಾಡಿದೆವು. ಮನೆಗೊಂದು ಪಾತಿ ಹಂಚಿಕೊಂಡೆವು. ದೀಪಾವಳಿ ಹೊತ್ತಿಗೆ ಮೆಂತೆ, ಪಾಲಕ್, ಮೂಲಂಗಿ ತುಂಬಿಕೊಂಡು ಬಂತು. ಸಂಜೆಯಾದರೆ ಎಲ್ಲರೂ ಅಲ್ಲೇ.

ಮಾರ್ಚ್ ಬಂದದ್ದೇ ತಡ, ಎಲ್ಲ ಕೆಟ್ಟಿತು. ಎರೆ ಮಣ್ಣು ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಟೊಮೆಟೊ ಹೂವೆಲ್ಲ ಉದುರಿತು. ಬೋರಿನ ನೀರು ಕಡಿಮೆಯಾಗಿ, ಯಾರು ಜಾಸ್ತಿ ಬಿಟ್ಟುಕೊಂಡರು ಅಂತ ಎರಡು ಮನೆಯವರ ನಡುವೆ ಮಾತು ಬೆಳೆಯಿತು. ಮೇ ತಿಂಗಳಲ್ಲಿ ಬರುತ್ತಿದ್ದವರು ನಾನು ಮತ್ತು ನಮ್ಮ ಅವ್ವ, ಇಬ್ಬರೇ. ಈ ಸಲ ಫೆಬ್ರವರಿಗೆ ಬೀಗ ಹಾಕಿ ಜೂನಿಗೆ ತೆಗೆಯೋಣ ಅಂತ ಕೆಲವರು ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ವರ್ಷಪೂರ್ತಿ ನಡೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತಿಕೋಟಾ ದ್ರಾಕ್ಷಿ ತೋಟ

ನೀರಿಲ್ಲದಾಗ ನೆಲ ಖಾಲಿ ಬಿಟ್ಟರೆ ತಪ್ಪೇನಿಲ್ಲ. ಆದರೆ ಬಿರುಕು ಬಿಡೋದಕ್ಕೆ ಅವಕಾಶ ಕೊಡಬೇಡಿ. ಹಿಂಗಾರಿ ಜೋಳಕ್ಕೆ ನಾವು ಎಡೆ ಹೊಡೆಯುವುದು (ಸಾಲಿನ ನಡುವೆ ಕುಂಟೆ ಹಾಯಿಸುವುದು) ಕಳೆ ತೆಗೆಯಲಿಕ್ಕಷ್ಟೇ ಅಲ್ಲ, ಮೇಲಿನ ಮಣ್ಣು ಸಡಿಲಾಗಿ ಬಿರುಕು ಮುಚ್ಚಲಿ, ಒಳಗಿನ ಹಸಿ ಹಾರದಿರಲಿ ಅಂತ. ನೀವೂ ಕುರ್ಚಿಗಿಯಿಂದ (ಕಳೆ ತೆಗೆಯುವ ಕೈ ಸಲಕರಣೆ) ಮೇಲೆ ಮೇಲೆ ಕೆದರಿ ಬಿಡಿ. ಇನ್ನೊಂದು, ಮಳೆಯಾದ ಮೇಲೆ ಎರಡು ದಿನ ಎರೆ ಪಾತಿಯೊಳಗೆ ಯಾರೂ ಕಾಲಿಡಬಾರದು. ತುಳಿದರೆ ಇಟ್ಟಂಗಿ ಆಗುತ್ತದೆ.

ನವನಗರ ಟೀಚರ್, ಬಾಗಲಕೋಟೆ

ತಮ್ಮಾ, ಬೀಗ ಮಾತ್ರ ಹಾಕಬೇಡಿ. ನಾವು ಒಮ್ಮೆ ಹಾಕಿ ಅನುಭವಿಸಿದ್ದೇವೆ. ಮೊದಲ ಮಳೆ ಬಿದ್ದ ವಾರದಲ್ಲೇ ಪಾತಿ ತುಂಬ ಜೇಕು ಕಳೆ ಎದ್ದಿತ್ತು. ಅದನ್ನಾದರೂ ಕಿತ್ತು ಹಾಕಬಹುದು. ಹೋದ ಜನ ಮಾತ್ರ ಬರಲಿಲ್ಲ. 22 ಮನೆಗಳಲ್ಲಿ ಮರಳಿ ಬಂದವು 9.

ನಮ್ಮ ನವನಗರದಲ್ಲಿ ಬಹಳಷ್ಟು ಮಂದಿ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದವರು. ಹಳೆ ಮನೆಗೆ ಹಿತ್ತಲಿತ್ತು. ಇಲ್ಲಿ ಸೈಟು ಸಿಕ್ಕಿತು, ಹಿತ್ತಲು ಸಿಗಲಿಲ್ಲ. ನಮ್ಮ ಸಾಲಿನ ಹಿರಿಯರು ಬಕೆಟಿನಲ್ಲಿ, ಒಡೆದ ಕೊಡದಲ್ಲಿ ಬದನಿ ಸಸಿ ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ನಿವೃತ್ತಿಯಾದ ವರ್ಷ ಅವರನ್ನೆಲ್ಲ ಕರೆದು ಖಾಲಿ ಜಾಗಕ್ಕೆ ಇಳಿದೆ. ಆಗ ನಾವು ಮಾಡಿದ್ದೂ ನೀವು ಮಾಡಿದ್ದನ್ನೇ, ಮನೆಗೊಂದು ಪಾತಿ. ತಪ್ಪಾಗಿದ್ದು ಅಲ್ಲೇ ಅಂತ ನನಗೆ ಈಗಲೂ ಅನಿಸುತ್ತದೆ. ಬೇಸಿಗೆಯಲ್ಲಿ ತನ್ನ ಪಾತಿ ಒಣಗಿದವರಿಗೆ ನಾಚಿಕೆ ಆಗುತ್ತದೆ. ಪಕ್ಕದವರದು ಹಸಿರಾಗಿದ್ದರೆ ಇನ್ನೂ ಜಾಸ್ತಿ. ಆಮೇಲೆ ಆ ಹಾದಿಯಲ್ಲೇ ಬರುವುದಿಲ್ಲ.

ಈಗ ನಮ್ಮಲ್ಲಿ ಮಳೆಗಾಲ, ಚಳಿಗಾಲಕ್ಕೆ ಮನೆಗೊಂದು ಪಾತಿ. ಹೋಳಿ ಹುಣ್ಣಿಮೆ ದಿನ ಎಲ್ಲವೂ ಎಲ್ಲರದು. 24 ಪಾತಿಗಳಲ್ಲಿ ನಾಲ್ಕಕ್ಕೆ ಮಾತ್ರ ನೀರು. ದಿನಕ್ಕೆ ಎರಡು ಮನೆಯ ಪಾಳಿ, ಸಂಜೆ ಹೊತ್ತು ಇಳಿದ ಮೇಲೆ, ಬಕೆಟ್ ಲೆಕ್ಕ. ಪೈಪ್ ಹಿಡಿಯುವಂತಿಲ್ಲ. ಜಗಳ ಎಲ್ಲ ಪೈಪಿನಿಂದಲೇ ಹುಟ್ಟುವುದು, ನೋಡಿ ಬೇಕಾದರೆ.

ಆ ನಾಲ್ಕು ಪಾತಿಯಲ್ಲಿ ಪುಂಡಿಪಲ್ಲೆ, ರಾಜಗಿರಿ, ಚವಳಿಕಾಯಿ (ಗೋರಿಕಾಯಿ), ಬೆಂಡೆ. ಇವು ನಮ್ಮ ಬಿಸಿಲು ಬಲ್ಲವು. ಟೊಮೆಟೊ ಆಸೆ ಬಿಡಿ, ಆ ಕಾವಿಗೆ ಹೂವು ಕಾಯಿ ಕಚ್ಚುವುದಿಲ್ಲ. ಬೆಂಡೆಗೆ ಹಳದಿ ರೋಗ ಜಾಸ್ತಿ, ಬಿಳಿ ನೊಣ ತರುತ್ತದೆ. ಅದಕ್ಕೆ ಅರ್ಕಾ ಅನಾಮಿಕ ತಳಿ ಹಾಕಿ, ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಬೋರಿನ ನೀರು ಸವಳು (ಉಪ್ಪು) ಇದ್ದರೆ ಬೀನ್ಸ್ ಹಾಕಬೇಡಿ. ಪಾಲಕ್ ಸವಳಿಗೆ ಅಷ್ಟಾಗಿ ಹೆದರುವುದಿಲ್ಲ, ಆದರೆ ಅದಕ್ಕೆ ನೆರಳು ಬೇಕು.

ಮುಖ್ಯವಾದದ್ದು ಮುಚ್ಚಿಗೆ. ನಾವು ಮುಧೋಳ ಕಡೆಯಿಂದ ಕಬ್ಬಿನ ರವದಿ (ಒಣ ಎಲೆ) ತರಿಸುತ್ತೇವೆ, ಒಂದು ಗೇಣು ದಪ್ಪ ಹಾಸುತ್ತೇವೆ. ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಮೂರಕ್ಕೆ ಬಂದು ನೋಡಿ. ಹಾದಿಯ ಮಣ್ಣಿಗೆ ಬರಿಗಾಲು ಇಡಲಾಗದು. ಅಲ್ಲೇ ಪಕ್ಕದ ಪಾತಿಯಲ್ಲಿ ರವದಿ ಸರಿಸಿ ಕೈ ಇಡಿ. ಮೇಲಿನದು ಗರಿಗರಿ ಒಣಗಿರುತ್ತದೆ, ಕೆಳಗಿನ ಪದರು ಕಪ್ಪಾಗಿ ಮೆತ್ತಗೆ ಕೈಗೆ ಅಂಟುತ್ತದೆ. ಅದರಡಿ ಮಣ್ಣು ತಣ್ಣಗಿರುತ್ತದೆ, ಗಡಿಗೆ ಇಟ್ಟ ಮೂಲೆಯ ನೆಲದ ಹಾಗೆ. ನಮ್ಮ ಓಣಿಯ ಮಕ್ಕಳು ರಜೆಯಲ್ಲಿ ಬಂದು ಇದನ್ನೇ ಆಟ ಮಾಡಿಕೊಂಡಿದ್ದಾರೆ, ಯಾರ ಪಾತಿ ಹೆಚ್ಚು ತಂಪು ಅಂತ.

ಉಳಿದ 20 ಪಾತಿ ಅಗೆದು ಬಿಸಿಲಿಗೆ ಬಿಡುತ್ತೇವೆ. ಮಣ್ಣು ಕಾಯಬೇಕು. ಹುಳದ ಮೊಟ್ಟೆ, ಕಳೆಯ ಬೇರು ಸಾಯುತ್ತವೆ. ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ಅರ್ಧಕ್ಕೆ ಹಸಿರುಗೊಬ್ಬರಕ್ಕೆ ಅಂತ ಸೆಣಬು ಚೆಲ್ಲುತ್ತೇವೆ, ಹೂ ಬರುವ ಮೊದಲು, ಸುಮಾರು 45 ದಿನಕ್ಕೆ ಕತ್ತರಿಸಿ ಮಣ್ಣಿಗೆ ಸೇರಿಸುತ್ತೇವೆ. ಇನ್ನರ್ಧಕ್ಕೆ ಹಿರೇಕಾಯಿ, ಸವತೆ, ಹಾಗಲ. ಬಳ್ಳಿ ಹತ್ತಲು ತೊಗರಿ ಕಟ್ಟಿಗೆ. ಬೇವಿನ ಹಣ್ಣು ಉದುರುವುದೂ ಅದೇ ಕಾಲ. ಬೀಜ ಆರಿಸಿ ಒಣಗಿಸಿ ಇಟ್ಟುಕೊಳ್ಳಿ. ಲೀಟರ್ ನೀರಿಗೆ 50 ಗ್ರಾಂ ತಿರುಳು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕರಗಿಸಿ ಹೊಡೆದರೆ ಗಿಡದ ಹೇನಿಗೆ ಸಾಕು. ಆಗಸ್ಟಿನಲ್ಲಿ ಮಳೆ ಕೈ ಕೊಡುವುದುಂಟು, ಗಾಬರಿಯಾಗಬೇಡಿ, ನಮ್ಮ ಕಡೆ ಸೆಪ್ಟೆಂಬರಿನದೇ ದೊಡ್ಡ ಮಳೆ. ಅದಾದ ಮೇಲೆ ಮೆಂತೆ, ಸಬ್ಬಸಗಿ, ಉಳ್ಳಾಗಡ್ಡಿ, ಗಜ್ಜರಿ. ಚಳಿಗಾಲ ನಿಮಗೆ ಗೊತ್ತೇ ಇದೆ, ತಾನಾಗಿ ನಡೆಯುತ್ತದೆ.

ಎಳ್ಳಮಾವಾಸ್ಯೆಗೆ ನಾವು ತೋಟದಲ್ಲೇ ಚರಗ ಚೆಲ್ಲುತ್ತೇವೆ, ಅಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ ಚೆಲ್ಲುತ್ತೇವೆ. ಹೊಲ ಮುಳುಗಿದವರಿಗೆ ಚರಗ ಚೆಲ್ಲಲು ನೆಲ ಇರಲಿಲ್ಲ. ಹಾಗೆ ಚೆಲ್ಲಿದ ಮೊದಲ ವರ್ಷ ನಮ್ಮ ಮೂಲೆಮನೆ ಆಯಿ ಸಜ್ಜಿರೊಟ್ಟಿ, ಎಣಗಾಯಿ, ಕಡುಬು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಪಾತಿ ಸುತ್ತ ಚರಗ ಚೆಲ್ಲಿ, ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಎಲ್ಲರಿಗೂ ಬಡಿಸಿದರು. ಅವತ್ತಿನಿಂದ ಬೇಸಿಗೆ ಪಾಳಿ ತಪ್ಪಿಸಿದವರು ನಮ್ಮಲ್ಲಿ ಬಹಳ ಕಡಿಮೆ.

ಟಿಳಕವಾಡಿ ಮಾಳಿಗೆ, ಬೆಳಗಾವಿ

ಅಕ್ಕಾರೇ, ಓದಿ ಖುಷಿಯಾಯಿತು. ನಮ್ಮದು ಇದರ ಉಲ್ಟಾ. ಜುಲೈ ಪೂರ್ತಿ ಜಿಟಿಜಿಟಿ, ಕೆಂಪು ಮಣ್ಣು ಕೊಚ್ಚಿ ಹೋಗುತ್ತದೆ, ಸಸಿ ಬುಡ ಕೊಳೆಯುತ್ತದೆ. ಅರ್ಧ ಮೊಳ ಎತ್ತರದ ಮಡಿ ಮಾಡಿದ ಮೇಲೆ ಸುಧಾರಿಸಿತು. ಒಂದು ಪ್ರಶ್ನೆ: ಬದನೆ ಗಿಡ ಚೆನ್ನಾಗಿದ್ದದ್ದು ಒಂದೊಂದೇ ಬಾಡಿ, ಹಿಡಿದೆಳೆದರೆ ಸುಲಭಕ್ಕೆ ಬಂದುಬಿಡುತ್ತಿದೆ. ಬೇರೇ ಇಲ್ಲ. ಏನಿರಬಹುದು?

ನವನಗರ ಟೀಚರ್, ಬಾಗಲಕೋಟೆ

ಬೇರು ಕಡಿದಂತಿದ್ದರೆ ಗೊಣ್ಣೆ ಹುಳ ಇರಬಹುದು. ಬುಡ ಅಗೆದು ನೋಡಿ. ಬೆಳ್ಳಗೆ, ದಪ್ಪಗೆ, ಅರ್ಧ ಚಂದ್ರನ ಹಾಗೆ ಮುದುಡಿಕೊಂಡಿರುತ್ತದೆ. ನಮಗೂ ಎರಡನೇ ವರ್ಷ 30 ಬದನಿ ಗಿಡ ಹೋದವು. ಗೊಬ್ಬರ ತಂದುಕೊಟ್ಟವರು ಪೂರ್ತಿ ಕಳಿತಿದೆ ಅಂದಿದ್ದರು, ನಾವು ನಂಬಿ ಹಾಗೇ ಹಾಕಿದೆವು. ಒಳಗೆ ಹಸಿ ಸಗಣಿ ಇತ್ತು. ಈಗ ಒಂದು ಹಿಡಿ ಮೂಗಿನ ಹತ್ತಿರ ಹಿಡಿಯದೆ ನಾನು ಗೊಬ್ಬರ ಇಳಿಸಿಕೊಳ್ಳುವುದಿಲ್ಲ. ಮಳೆ ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಇದ್ದರೆ ಇನ್ನೂ ಎರಡು ಮೂರು ತಿಂಗಳು ಕಳಿಯಬೇಕು. ಸದ್ಯಕ್ಕೆ ಅಗೆದು ಹುಳ ಆರಿಸಿ ಹೊರಗೆ ಹಾಕಿ, ಗೊರವಂಕ ಬಂದು ತಿನ್ನುತ್ತವೆ.

ಹೊಸ ಪಾತಿ, ವಿಜಯಪುರ

ಟೀಚರ್, ನಿಮ್ಮ ಮಾತು ಅವ್ವನಿಗೆ ಓದಿ ಹೇಳಿದೆ. ನಾಲ್ಕು ಪಾತಿ ಮಾತು ನಾಳೆಯೇ ಎಲ್ಲರ ಮುಂದೆ ಇಡುತ್ತೇನೆ. ಜಗಳಾಡಿದ ಎರಡು ಮನೆಯವರಿಗೆ ಒಂದೇ ದಿನ ಪಾಳಿ ಹಾಕಲಾ ಅಥವಾ ಬೇರೆ ಬೇರೆ ದಿನವಾ? ಮತ್ತೆ ಹಿರೇಕಾಯಿ ಬೀಜ ಎಲ್ಲಿ ತರುತ್ತೀರಿ?

ನವನಗರ ಟೀಚರ್, ಬಾಗಲಕೋಟೆ

ಮೊದಲ ತಿಂಗಳು ಬೇರೆ ಬೇರೆ ದಿನ ಹಾಕಿ. ಇವರು ಹಾಕಿದ ನೀರಿನ ಚವಳಿಕಾಯಿ ಅವರ ಮನೆಗೂ ಹೋಗಲಿ. ಆಮೇಲೆ ಅವರೇ ಕೂಡಿ ಬರುತ್ತಾರೆ.

ಬೇರೆ ಬೀಜ, ಸಸಿ ನಾವು ಇಲ್ಲಿನ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೇಳಿ ತರುತ್ತೇವೆ. ನಿಮಗೆ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಹಿರೇಕಾಯಿ ಮಾತ್ರ ಮೂಲೆಮನೆ ಆಯಿಯದು, ಹಳೆ ಹಿತ್ತಲಿನ ಬೀಜ. ಪ್ರತಿ ವರ್ಷ ಎರಡು ಕಾಯಿ ಬಳ್ಳಿಯಲ್ಲೇ ಒಣಗಲು ಬಿಡುತ್ತೇವೆ. ಈಗ ನಮ್ಮ ಅಡುಗೆಮನೆ ಮೊಳೆಗೆ ತೂಗುಹಾಕಿದ್ದೇನೆ. ಅಲುಗಾಡಿಸಿದರೆ ಗಲಗಲ ಅನ್ನುತ್ತದೆ. ತುದಿಯಲ್ಲಿ ಸಣ್ಣ ಮುಚ್ಚಳದಂಥದ್ದು ಇರುತ್ತದೆ, ಅದನ್ನು ಮುರಿದರೆ ಕರಿ ಬೀಜ ಅಂಗೈಗೆ ಸುರಿಯುತ್ತವೆ. ಒಂದು ಇಡೀ ಕಾಯಿ ನಿಮಗೆ ತೆಗೆದಿಟ್ಟಿದ್ದೇನೆ. ಮಿರಗಕ್ಕೆ ಮುಂಚೆ ಬಂದು ಒಯ್ಯಿರಿ. ಬರುವಾಗ ನಿಮ್ಮ ಅವ್ವಾರನ್ನೂ ಕರೆದುಕೊಂಡು ಬನ್ನಿ. ಮೇ ತಿಂಗಳಲ್ಲೂ ತೋಟ ಬಿಡದವರು, ನಮ್ಮ ಆಯಿಗೆ ಅವರನ್ನು ನೋಡಬೇಕಂತೆ.