ಕ್ಯಾನನ್ ಎಂ50 ನಂತರ ವಿಡಿಯೊಗೆ ಯಾವ ಕ್ಯಾಮೆರಾ ಬಾಡಿ? ಕ್ಯಾನನ್ ಆರ್7, ಸೋನಿ ಎಫ್‌ಎಕ್ಸ್30, ಪ್ಯಾನಸಾನಿಕ್ ಎಸ್5 II ನಡುವೆ ಗೊಂದಲ

ಟ್ರೈಪಾಡ್_ಕಾಲು:
ಈಗ ಕೈಲಿರೋದು ಕ್ಯಾನನ್ ಎಂ50, 15–45 ಕಿಟ್ ಲೆನ್ಸ್, ಅಡಾಪ್ಟರ್ ಹಾಕಿ ಬಳಸುವ ಇಎಫ್ 50 ಎಫ್/1.8. ಕೆಲಸ ಎರಡು ಬಗೆ: ಒಂದೂವರೆ ಗಂಟೆಯ ಉಪನ್ಯಾಸ (ಟ್ರೈಪಾಡ್ ಮೇಲೆ, ಮಂದ ಬೆಳಕಿನ ಹಾಲ್), ಮತ್ತೆ ಹೊರಗೆ ಬಿಸಿಲಲ್ಲಿ ಕೈಯಲ್ಲೇ ಹಿಡಿದು ಸಂದರ್ಶನ. 4ಕೆ ಬೇಕು, ಗ್ರೇಡಿಂಗ್ (ಆಮೇಲೆ ಬಣ್ಣ ತಿದ್ದೋದು) ಮಾಡ್ತೀನಿ, ಫೋಟೊ ಅಪರೂಪ. ಲೆನ್ಸ್ ಉಳಿಯುತ್ತೆ ಅಂತ ಆರ್7 ಕಡೆ ಮನಸ್ಸು. ಸರೀನಾ?

ಫ್ರೇಮ್25:
ಲೆನ್ಸ್ ಲೆಕ್ಕದಿಂದಲೇ ಶುರು ಮಾಡೋಣ. ನಿಮ್ಮ 15–45 ಆರ್7ಗೆ ಕೂರೋದೇ ಇಲ್ಲ. ಎಂ50ಯ ಇಎಫ್-ಎಂ ಮೌಂಟ್‌ನಿಂದ (ಲೆನ್ಸ್ ಕೂರೋ ಜಾಗ) ಸೆನ್ಸರ್‌ಗೆ 18 ಮಿ.ಮೀ., ಆರ್7ನ ಆರ್‌ಎಫ್‌ನಲ್ಲಿ 20 ಮಿ.ಮೀ. ಲೆನ್ಸ್ ಸೆನ್ಸರ್‌ಗೆ ಇನ್ನೂ ಹತ್ತಿರ ಹೋಗಬೇಕಾಗುತ್ತೆ, ಅದಕ್ಕೆ ಅಡಾಪ್ಟರ್ ಮಾಡೋಕೆ ಜಾಗವೇ ಇಲ್ಲ. ಉಳಿಯೋದು 50 ಒಂದೇ. ಒಂದು ಸಣ್ಣ ಲೆನ್ಸಿಗಾಗಿ ಬಾಡಿ ಆರಿಸಬೇಡಿ.

ಎಂ50ಯಲ್ಲಿ ನಿಮಗೆ ಅಡ್ಡಿಯಾಗಿರೋದು ಮೂರು. 4ಕೆಗೆ ಹೋದ ತಕ್ಷಣ ಸೆನ್ಸರ್‌ನ 1.6 ಕ್ರಾಪ್ (ಚಿತ್ರದ ಅಂಚು ಕತ್ತರಿಸಿಹೋಗೋದು) ಮೇಲೆ ಮತ್ತೆ ಸುಮಾರು 1.6 ಕ್ರಾಪ್, ಹಾಗಾಗಿ 15 ಮಿ.ಮೀ. ಫುಲ್‌ಫ್ರೇಮ್‌ನ (35 ಮಿ.ಮೀ. ಫಿಲ್ಮ್ ಅಳತೆಯ ಸೆನ್ಸರ್) 38ರಂತೆ ಕಾಣುತ್ತೆ. ಡ್ಯುಯಲ್ ಪಿಕ್ಸೆಲ್ ಫೋಕಸ್ (ಕ್ಯಾನನ್‌ನ ಚುರುಕಾದ ಆಟೊಫೋಕಸ್) ಕೂಡ ಅಲ್ಲಿ ಕೆಲಸ ಮಾಡಲ್ಲ. ರೆಕಾರ್ಡಿಂಗ್ 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತೆ. ಆರ್7ನಲ್ಲಿ ಇವೆಲ್ಲ ಸರಿಹೋಗುತ್ತೆ, ಆದರೆ ಅದಕ್ಕೆ ಫ್ಯಾನ್ ಇಲ್ಲ. ಒಂದೂವರೆ ಗಂಟೆ ಒಂದೇ ಸಮನೆ 4ಕೆ ಓಡಿಸೋರಿಗೆ ಫ್ಯಾನ್ ಇರೋ ಬಾಡಿಯೇ ಸರಿ. ಎಫ್‌ಎಕ್ಸ್30, ಎಸ್5 II ಎರಡರಲ್ಲೂ ಫ್ಯಾನ್ ಇದೆ, ಎರಡು ಕಾರ್ಡ್ ಸ್ಲಾಟ್ ಇದೆ, ದೊಡ್ಡ ಎಚ್‌ಡಿಎಂಐ ಪೋರ್ಟ್ ಇದೆ. ಆರ್7ನಲ್ಲಿರೋ ಮೈಕ್ರೊ ಎಚ್‌ಡಿಎಂಐ ಕೇಬಲ್ ಒಂದು ಸಲ ಎಳೆದರೆ ಸಾಕು, ಪೋರ್ಟೇ ಸಡಿಲ.

ಉಪನ್ಯಾಸಕ್ಕೆ ಪವರ್ ಯುಎಸ್‌ಬಿ-ಸಿಯಿಂದ ಕೊಡಿ, ಬ್ಯಾಟರಿ ಒಳಗೇ ಇರಲಿ. ಯಾರೋ ವೈರ್ ಎಡವಿದರೂ ರೆಕಾರ್ಡಿಂಗ್ ನಿಲ್ಲಲ್ಲ.

ನೆರಳು_ಬೆಳಕು:
ಎರಡರಲ್ಲಿ ನನ್ನ ಓಟು ಎಸ್5 II. ಕಾರಣ ಫುಲ್‌ಫ್ರೇಮ್ ಅನ್ನೋ ಹೆಸರಲ್ಲ, ವ್ಯೂಫೈಂಡರ್! ಎಫ್‌ಎಕ್ಸ್30ಗೆ ಅದಿಲ್ಲ. ನಡು ಮಧ್ಯಾಹ್ನ ಸ್ಕ್ರೀನ್ ನೋಡಿ ಫೋಕಸ್, ಎಕ್ಸ್‌ಪೋಶರ್ ನಿರ್ಧರಿಸೋದು ಕಷ್ಟ. ಮಂದ ಹಾಲ್‌ಗೂ ಇದೇ ವಾಸಿ: ವಿ-ಲಾಗ್‌ನಲ್ಲಿ (ಗ್ರೇಡಿಂಗ್‌ಗೆಂದೇ ಮಾಡೋ ಚಪ್ಪಟೆ ಬಣ್ಣದ ರೆಕಾರ್ಡಿಂಗ್) ಬೇಸ್ ಐಎಸ್‌ಒ (ಸೆನ್ಸರ್ ಚೆನ್ನಾಗಿ ಕೆಲಸ ಮಾಡೋ ಬೆಳಕಿನ ಸಂವೇದನೆ ಮಟ್ಟ) 640 ಮತ್ತು 4000. ಎಫ್‌ಎಕ್ಸ್30ಯ ಎಸ್-ಲಾಗ್3ರಲ್ಲಿ 800 ಮತ್ತು 2500. ಒಂದು ತಕರಾರು: ಎಸ್5 IIರಲ್ಲಿ 4ಕೆ 50/60 ಫ್ರೇಮ್ ಬೇಕಂದ್ರೆ ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಸಣ್ಣ ಸೆನ್ಸರ್ ಅಳತೆ) ಕ್ರಾಪ್ ಆಗುತ್ತೆ. ನಿಮ್ಮ ಕೆಲಸಕ್ಕೆ 25 ಸಾಕು.

ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕೋ, ಬೆಳಕು ತಗ್ಗಿಸೋ ಗಾಜು) ಮರೆತರೆ ಹೊರಗಿನ ಶೂಟ್ ಹಾಳು. ಲೆಕ್ಕ ನೋಡಿ: ಉರಿಬಿಸಿಲಲ್ಲಿ ಐಎಸ್‌ಒ 800ಕ್ಕೆ ಎಫ್/16, 1/800. ಎಫ್/5.6ಗೆ ತಂದರೆ 1/6400. 25 ಫ್ರೇಮ್‌ಗೆ ಬೇಕಾದ 1/50ಕ್ಕೆ ಇಳಿಸಲು 7 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಕತ್ತರಿಸಬೇಕು, ಎಫ್/2.8 ಆದರೆ 9. ಎಲ್ಲರೂ ಮೊದಲು ಕೊಳ್ಳೋ 2–5 ಸ್ಟಾಪ್ ವೇರಿಯಬಲ್ ಎನ್‌ಡಿ ಇಲ್ಲಿ ಸಾಲಲ್ಲ, 6–9ರದ್ದು ತಗೊಳ್ಳಿ. ವೈಡ್ ಲೆನ್ಸಿನಲ್ಲಿ ಅದನ್ನು ಕೊನೇ ತನಕ ತಿರುಗಿಸಿದರೆ ಆಕಾಶದಲ್ಲಿ ಎಕ್ಸ್ ಆಕಾರದ ಕಪ್ಪು ಬೀಳುತ್ತೆ, ಗುರುತಿನ ಒಳಗೇ ನಿಲ್ಲಿಸಿ.

ಫ್ರೇಮ್25:
ವ್ಯೂಫೈಂಡರ್ ಮಾತು ಒಪ್ಪಿದೆ. ಆದರೂ ಚಲಿಸುವವರ ಮುಖ ಬಿಡದೆ ಹಿಡಿಯೋದ್ರಲ್ಲಿ ಸೋನಿ ಫೋಕಸ್ ಒಂದು ಕೈ ಮೇಲೆ, ಎಪಿಎಸ್-ಸಿ ಲೆನ್ಸ್‌ಗಳೂ ಹಗುರ. ಒಬ್ಬರೇ ಕ್ಯಾಮೆರಾ ಹಿಡಿದು ಪ್ರಶ್ನೆಯನ್ನೂ ಕೇಳೋದಾದರೆ ಇದು ಸಣ್ಣ ವಿಷಯವಲ್ಲ.

ಟ್ರೈಪಾಡ್_ಕಾಲು:
ಕಾರ್ಡ್ ಎಷ್ಟು ಬೇಕು? ಕಂಪ್ಯೂಟರ್ ಇಂಟೆಲ್ 9ನೇ ತಲೆಮಾರಿನದು, ನಡೆಯುತ್ತಾ?

ಕೋಡೆಕ್_ಕಾಟ:
ಕಾರ್ಡ್ ಸುಲಭ. ಎಫ್‌ಎಕ್ಸ್30ಯಲ್ಲಿ 4ಕೆ 25 ಫ್ರೇಮ್, 10-ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರೋ ಬಗೆ), 140 ಎಂಬಿಪಿಎಸ್ ಅಂದರೆ ಗಂಟೆಗೆ 63 ಜಿಬಿ. ಎಸ್5 IIರಲ್ಲಿ 150, ಗಂಟೆಗೆ 67.5 ಜಿಬಿ. ಒಂದೂವರೆ ಗಂಟೆ 128 ಜಿಬಿಯಲ್ಲಿ ಮುಗಿಯುತ್ತೆ. ಕಾರ್ಡ್ ಮೇಲಿನ ವೇಗದ ಗುರುತು ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ, ಅಂದರೆ 240 ಎಂಬಿಪಿಎಸ್, ಅಷ್ಟು ಸಾಕು. ಎಫ್‌ಎಕ್ಸ್30ಯಲ್ಲಿ ಆಲ್-ಇಂಟ್ರಾ (ಪ್ರತಿ ಫ್ರೇಮನ್ನೂ ಬೇರೆಬೇರೆಯಾಗಿ ಕುಗ್ಗಿಸೋ ಬಗೆ) ಆರಿಸಿದರೆ ಮಾತ್ರ ಇನ್ನೂ ವೇಗದ ಕಾರ್ಡ್ ಬೇಕು. ಹಾಗೇ ಎರಡೂ ಸ್ಲಾಟ್‌ಗೆ ಒಟ್ಟಿಗೇ ಬರೆಯೋ ಸೆಟ್ಟಿಂಗ್ ಹಾಕಿಬಿಡಿ.

ಕಂಪ್ಯೂಟರ್ ತಿಣುಕುತ್ತೆ. ಎಚ್.264ರಲ್ಲಿ (ವಿಡಿಯೊ ಕುಗ್ಗಿಸೋ ಕೋಡೆಕ್) 10-ಬಿಟ್ 4:2:2 ಬಂದರೆ ಹಳೆಯ ಗ್ರಾಫಿಕ್ಸ್ ಕೈಚೆಲ್ಲುತ್ತೆ, ಭಾರವೆಲ್ಲ ಪ್ರೊಸೆಸರ್ ಮೇಲೆ. ಎಚ್.265 4:2:2ಗಾದರೂ ಇಂಟೆಲ್‌ನಲ್ಲಿ 11ನೇ ತಲೆಮಾರಿನಿಂದ ಬೆಂಬಲ. ಹಾಗಂತ 8-ಬಿಟ್‌ಗೆ ಇಳಿಯಬೇಡಿ. ಒಂದು ಬಣ್ಣಕ್ಕೆ 1024 ಹಂತ ಇದ್ದದ್ದು 256 ಆಗುತ್ತೆ, ಲಾಗ್ ಫುಟೇಜನ್ನು ಎಳೆದಾಗ ಗೋಡೆ, ಆಕಾಶದಲ್ಲಿ ಪಟ್ಟಿ ಪಟ್ಟಿ ಕಾಣುತ್ತೆ. ಬದಲಿಗೆ 1080ಪಿ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಕೋಡೆಕ್‌ನಲ್ಲಿ ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು) ಮಾಡಿ ಎಡಿಟ್ ಮಾಡಿ, ಬಣ್ಣ ತಿದ್ದುವಾಗ, ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲ್‌ಗೆ ಬದಲಾಯಿಸಿ. ಪ್ರಾಕ್ಸಿಗೂ ಡಿಸ್ಕ್‌ನಲ್ಲಿ ಜಾಗ ಬಿಟ್ಟಿರಿ.

ಟ್ರೈಪಾಡ್_ಕಾಲು:
ಹಾಗಾದ್ರೆ ಆರ್7 ಕೈಬಿಟ್ಟೆ. ಸಂದರ್ಶನಕ್ಕೆ ಜೊತೆಗೊಬ್ಬರು ಇರ್ತಾರೆ, ಮುಖ ಹಿಡಿಯೋ ಚಿಂತೆ ಅಷ್ಟಿಲ್ಲ. ಎಸ್5 II, ಜೊತೆಗೆ 6–9 ಎನ್‌ಡಿ.